ಮುಕ್ತಿನಾಥದಿಂದ ಶಲವಡಿಗೆ, ಪಂಢರಪುರದ ಮೇಲಿಂದ

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಮುಕ್ತಿನಾಥಕ್ಕೆ ನಡೆದು ಹೋದವನು. ಹೆಲಿಕಾಪ್ಟರಿನಲ್ಲಿ ಅಲ್ಲ, ಜೀಪಿನಲ್ಲಿ ಅಲ್ಲ, ಕುದುರೆಯ ಮೇಲಂತೂ ಅಲ್ಲವೇ ಅಲ್ಲ. ನೇಪಾಳದ ಪೋಖರಾ ಊರಿನಿಂದ ಹೊರಟು, ಗಂಡಕಿ ನದಿಯ ದಂಡೆ ಹಿಡಿದು, ಹದಿನಾಲ್ಕು ದಿನ ಬೆಟ್ಟ ಹತ್ತಿ ಇಳಿದು, ಅರವತ್ತೆರಡನೇ ವಯಸ್ಸಿನಲ್ಲಿ, ನನ್ನ ಸ್ವಂತ ಎರಡು ಕಾಲಿನ ಮೇಲೆ ಹೋದವನು. ಒಂದು ಗುಳ್ಳೆ ಏಳಲಿಲ್ಲ. ಒಂದು ಮಾತ್ರೆ ನುಂಗಲಿಲ್ಲ. ಮುಕ್ತಿನಾಥದ ನೂರಾ ಎಂಟು ಧಾರೆಗಳ ಕೆಳಗೆ, ಮಂಜುಗಡ್ಡೆಗಿಂತ ತಣ್ಣಗಿನ ನೀರಿನಲ್ಲಿ, ಒಂದನ್ನೂ ಬಿಡದೆ ತಲೆ ಒಡ್ಡಿ ಬಂದೆ. ನನ್ನ ಹಿಂದಿದ್ದ ಇಪ್ಪತ್ತೈದು ವರ್ಷದ ಹುಡುಗನೊಬ್ಬ ಹದಿನೇಳನೆಯ ಧಾರೆಗೇ ಓಡಿಹೋದ!

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನ ಕತೆ ಓದಿದವರು ಇದನ್ನು ಮರೆತುಬಿಡುವ ಸಾಧ್ಯತೆ ಇದೆ. ನಮ್ಮ ಊರಿನವರು ಈಗಾಗಲೇ ಮರೆತಿದ್ದಾರೆ.

ನಮ್ಮ ಊರು ಧಾರವಾಡ ಕಡೆಯ ಶಲವಡಿ. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತನಾದ ಮಾಸ್ತರ. ಗೋಡೆಗೆ ನಕಾಶೆ ತೂಗುಹಾಕಿ, ಕೋಲಿನಿಂದ ಹಿಮಾಲಯವನ್ನು ಮುಟ್ಟಿ ತೋರಿಸಿದವನು. ದಿಕ್ಕು, ದಾರಿ, ಗಾಳಿ, ವೇಳೆ ಇವು ನನ್ನ ವಿಷಯಗಳು. ಈ ವಿಷಯಗಳಲ್ಲಿ ನನಗೆ ಬುದ್ಧಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ನನ್ನ ಹೆಂಡತಿ ಗಿರಿಜಾ ಒಬ್ಬಳನ್ನು ಬಿಟ್ಟರೆ. ಅವಳೂ ನನ್ನ ಜೋಡಿ ಹದಿನಾಲ್ಕು ದಿನ ನಡೆದವಳೇ. ಅದನ್ನೂ ಹೇಳಬೇಕು. ಮೊದಮೊದಲು ಹೇಳುವುದು ಮರೆಯುತ್ತಿದ್ದೆ. ಈಗ ಊರವರೇ ನೆನಪು ಮಾಡುತ್ತಾರೆ.

ನಿಜ ಹೇಳಬೇಕೆಂದರೆ, ಈ ಯಾತ್ರೆ ನನ್ನದೂ ಅಲ್ಲ, ಗಿರಿಜಾಳದೂ ಅಲ್ಲ. ನನ್ನ ಅಕ್ಕ ಅಂಬಕ್ಕನದು. ನಮ್ಮ ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಆಗ ಅಂಬಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದಳು. ಮಳೆಗಾಲದಲ್ಲಿ ಹಳ್ಳ ಬಂದರೆ ಹೊತ್ತು ದಾಟಿಸಿ ಶಾಲೆಗೆ ಬಿಟ್ಟು ಬಂದವಳು. ಮುಕ್ತಿನಾಥಕ್ಕೆ ನಡೆದು ಹೋಗಬೇಕು ಎನ್ನುವುದು ಅವಳ ಜೀವಮಾನದ ಆಸೆ. ಆದರೆ ನಾಲ್ಕು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಈಗ ನಾಲ್ಕು ಕಾಲಿನ ವಾಕರ್ ಹಿಡಿದು ಪಡಸಾಲೆಯಿಂದ ದೇವರ ಮನೆಗೆ ಹೋಗುವುದೇ ಅವಳ ಯಾತ್ರೆ.

ನಾವು ಹೊರಟ ದಿನ ಅವಳು ಶಪಥ ಮಾಡಿದಳು.

"ತಮ್ಮಾ, ನೀ ಮುಕ್ತಿನಾಥದ ತೀರ್ಥ ತಂದ ಕೊಡೂ ತನಕಾ ನಾ ಚಾ ಮುಟ್ಟೂದಿಲ್ಲ ನೋಡು."

ಅಂಬಕ್ಕನಿಗೆ ಎಂಬತ್ತೊಂದು ವಯಸ್ಸು. ದಿನಕ್ಕೆ ಆರು ಸಲ ಚಹಾ. ಅವಳು ಅನ್ನ ಬಿಡುತ್ತೇನೆ ಎಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಚಹಾ ಇಲ್ಲದ ಅಂಬಕ್ಕನ ಜೊತೆ ಒಂದು ಮನೆಯಲ್ಲಿ ಇರಬೇಕಾದ ಬಾಜೂ ಮನೆಯ ಶಾಂತಕ್ಕನ ಮುಖ ನೋಡಿದೆ. ನಾವು ಬರುವವರೆಗೆ ಅಕ್ಕನ ಜೋಡಿ ಇರಲು ಒಪ್ಪಿಕೊಂಡವಳು ಅವಳು. ಶಾಂತಕ್ಕ ಗೋಡೆ ಹಿಡಿದು ನಿಂತಿದ್ದಳು!

ಹೀಗಾಗಿ ಮುಕ್ತಿನಾಥದಲ್ಲಿ ಒಂದು ಸಣ್ಣ ತಾಮ್ರದ ಗಿಂಡಿಯಲ್ಲಿ ತೀರ್ಥ ತುಂಬಿಸಿ, ಬಾಯಿಗೆ ಬಿರಡೆ ಹಾಕಿ, ಮೇಲೆ ಮೇಣ ಹಚ್ಚಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಗಿರಿಜಾ, "ಚೀಲದಾಗ ಇಡ್ರಿ, ನಾ ಹಿಡಕೋತೇನಿ" ಎಂದಳು. ನಾನು ಒಪ್ಪಲಿಲ್ಲ. ಇಂಥ ಜವಾಬ್ದಾರಿಯನ್ನು ಹೆಂಗಸರ ಚೀಲದಲ್ಲಿ, ಬಾಚಣಿಕೆ ಮತ್ತು ಚುರುಮುರಿಯ ಮಧ್ಯೆ ಇಡುವುದೆ?

ಅದು ಗುರುವಾರ. ಅಲ್ಲಿಂದಲೇ ಊರಿಗೆ ಫೋನ್ ಹಚ್ಚಿದೆ. ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹನುಮಪ್ಪನ ಗುಡಿಯ ಮುಂದೆ ನಮಗೊಂದು ಸತ್ಕಾರ ಇಟ್ಟುಕೊಂಡಿದ್ದರು. ಫ್ಲೆಕ್ಸ್ ಮಾಡಿಸುವವರು ತಾರೀಖು ಕೇಳಿದರು.

"ಬರೂ ಮಂಗಳವಾರ, ಸಂಜಿ ನಾಕಕ್ಕ," ಎಂದೆ. "ನಾಕೂ ಐದಲ್ಲ. ನಾಕಕ್ಕ. ಬರದ ಹಾಕ್ರಿ."

ಗಿರಿಜಾ ಪಕ್ಕದಲ್ಲಿ ನಿಂತು ಕೇಳಿದಳು: "ಅಲ್ರೀ, ಬರೂವಾಗ ಹಂಗ ಸರಳ ಬರಲಿಕ್ಕೆ ಆಗ್ತದೇನ್ರಿ?"

"ಹೋಗೂದು ಕಠಿಣ ಗಿರಿಜಾ," ಎಂದೆ. "ಬರೂದರಾಗ ಏನದ? ಇಳಿಜಾರು!"

ಮುಕ್ತಿನಾಥದ ಕೆಳಗೆ ಜೋಮಸೋಮ್ ಎಂಬ ಸಣ್ಣ ಊರಿದೆ. ಅಲ್ಲಿಂದ ಪುಟಾಣಿ ವಿಮಾನ ಇಪ್ಪತ್ತು ನಿಮಿಷದಲ್ಲಿ ಪೋಖರಾಕ್ಕೆ ಇಳಿಸುತ್ತದೆ. ಬಸ್ಸು ಇಡೀ ದಿನ ತೆಗೆದುಕೊಳ್ಳುತ್ತದೆ. ನಾನು ವಿಮಾನ ಎಂದೆ. ಗಿರಿಜಾ ಬಸ್ಸು ಎಂದಳು. "ಇಲ್ಲೆ ಗಾಳಿ ಭಾಳ ಅದ. ವಿಮಾನ ಹಾರೂದಿಲ್ಲಂತ ಆ ಹೋಟೆಲ್ ಬಾಯಿ ಹೇಳಿದ್ಲು."

ಈ ಗಾಳಿಯ ಬಗ್ಗೆ ನನಗೆ ಯಾರು ಹೇಳಬೇಕು? ಕಣಿವೆಯ ಗಾಳಿ ಯಾಕೆ ಏಳುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ ಎನ್ನುವುದನ್ನು ಆ ಹೋಟೆಲಿನ ಅಂಗಳದಲ್ಲೇ ಸುಣ್ಣದ ಕಲ್ಲಿನಿಂದ ಚಿತ್ರ ಬರೆದು ವಿವರಿಸಿದೆ. ಹೋಟೆಲಿನ ಹೆಂಗಸು ಭಕ್ತಿಯಿಂದ ಕೇಳಿದಳು. ಗಾಳಿ ಕೇಳಲಿಲ್ಲ. ಶುಕ್ರವಾರ ವಿಮಾನ ಹಾರಲಿಲ್ಲ. "ನಾಳೆ ಖಾತ್ರಿ" ಎಂದೆ. ಶನಿವಾರ ನನ್ನ ಟೊಪ್ಪಿಗೆ ಹಾರಿತು. ವಿಮಾನ ಹಾರಲಿಲ್ಲ!

ಭಾನುವಾರ ಗಿರಿಜಾ ನನಗೊಂದು ಮಾತೂ ಹೇಳದೆ ಚೀಲ ತಗೊಂಡು ಹೋಗಿ ಬಸ್ಸಿನಲ್ಲಿ ಕುಳಿತಳು. ನಾನೂ ಹೋಗಿ ಕುಳಿತೆ. ಸಂಸಾರ ಎಂದರೆ ಹೊಂದಾಣಿಕೆ.

ದಾರಿಯಲ್ಲಿ ಗುಡ್ಡ ಕುಸಿದಿತ್ತು. ಬಸ್ಸು ನಿಂತಿತು. ಆಚೆ ಕಡೆ ಬೇರೆ ಬಸ್ಸು ಇದೆ, ನಡುವಿನ ಕೆಸರು ಕಲ್ಲುಗಳ ಮೇಲೆ ನಡೆದು ದಾಟಿ ಎಂದರು. ನಡೆಯುವುದೆಂದರೆ ನನಗೆ ಹುರುಪು. ಉಳಿದ ಪ್ರಯಾಣಿಕರು ಕೈ ಕೈ ಹಿಡಿದುಕೊಂಡು ದೇವರ ಹೆಸರು ಹೇಳುತ್ತಾ ದಾಟುತ್ತಿದ್ದರೆ, ನಾನು ಸಲೀಸಾಗಿ ನಡುವೆ ಹೋಗಿ ನಿಂತೆ. ಭೂಕುಸಿತದ ಇಷ್ಟು ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಅದರ ಜೊತೆ ನನ್ನದೂ ಒಂದು ಫೋಟೋ ಇರಲಿ ಎಂದು ಮೊಬೈಲ್ ತೆಗೆದು ಕೈ ಚಾಚಿದೆ. ಕೆಳಗೆ ಗಂಡಕಿ ಭೋರ್ಗರೆಯುತ್ತಿತ್ತು.

ಈಗ ಆ ಮೊಬೈಲ್ ಗಂಡಕಿಯಲ್ಲಿದೆ. ಬಹಳ ಪವಿತ್ರ ಜಾಗ.

"ಹೋಗ್ಲಿ ಬಿಡ್ರಿ," ಎಂದಳು ಗಿರಿಜಾ. "ನೀವು ಬಿದ್ದಿಲ್ಲಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಗಿಂಡಿ ಅದ ಏನ್ರಿ?" ಎಂದಳು. ಕೊರಳು ಮುಟ್ಟಿ ನೋಡಿಕೊಂಡೆ. ಇತ್ತು. ಅವಳ ಫೋನಿನಿಂದ ಊರಿಗೆ ಸುದ್ದಿ ಹೋಯಿತು: ಮಂಗಳವಾರ ಅಲ್ಲ, ಗುರುವಾರ ಸಂಜೆ ನಾಲ್ಕಕ್ಕೆ. ಹಿಂದಿನಿಂದ ಅಂಬಕ್ಕನ ಧ್ವನಿ ಕೇಳಿಸಿತು. "ಗುರುವಾರಾ?" ಎಂದಿತು. ಅಷ್ಟೇ. ಆದರೆ ಆ ಧ್ವನಿಯಲ್ಲಿ ಚಹಾ ಇಲ್ಲದ ಮೂರು ವಾರಗಳಿದ್ದವು.

ಪೋಖರಾ ಮುಟ್ಟಿ, ಅಲ್ಲಿಂದ ಮಂಗಳವಾರ ಮುಂಜಾನೆ ಗಡಿ ದಾಟಿ ಭಾರತಕ್ಕೆ ಕಾಲಿಟ್ಟೆವು. ಗೋರಖಪುರದಿಂದ ನಮ್ಮ ರೈಲು. ಟಿಕೆಟ್ ಕೈಯಲ್ಲಿತ್ತು, ವೇಳೆ ಕೈಯಲ್ಲಿತ್ತು. ಇಲ್ಲಿ ನನ್ನ ಭೂಗೋಳದ ಜ್ಞಾನ ನಿಜವಾಗಿ ಕೆಲಸಕ್ಕೆ ಬಂದಿತು.

ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ, ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ. ಗೋರಖಪುರದ ಬಸ್ಸಿನಲ್ಲಿ ಕುಳಿತಾಗ ಇದು ನೆನಪಾಗಿ, ರೇಖಾಂಶಗಳ ಬಗ್ಗೆ ಸಣ್ಣ ಭಾಷಣ ಮಾಡಿ, ನನ್ನ ಕೈಗಡಿಯಾರವನ್ನು ಗಂಭೀರವಾಗಿ ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸಿದೆ. ಗಿರಿಜಾ ಆಗ ಕಿಟಕಿಗೆ ತಲೆ ಕೊಟ್ಟು ಮಲಗಿದ್ದಳು. ಹಿಂದಿನ ಸೀಟಿನವರೊಬ್ಬರು ಮೆಚ್ಚುಗೆಯಿಂದ ತಲೆ ಆಡಿಸಿದರು.

ಗೋರಖಪುರ ಸ್ಟೇಷನ್ ಎದುರಿಗೆ ಇಳಿದಾಗ ನನ್ನ ಗಡಿಯಾರದ ಪ್ರಕಾರ ಇನ್ನೂ ಇಪ್ಪತ್ತೆರಡು ನಿಮಿಷ ಇತ್ತು. ಪೂರಿ ತಿನ್ನೋಣ ಎಂದೆ.

"ಗಾಡಿಗೆ ಹೊತ್ತಾತು, ನಡೀರಿ," ಎಂದಳು ಗಿರಿಜಾ.

"ಇಪ್ಪತ್ತೆರಡ ನಿಮಿಷ ಅದ. ಸಾವಕಾಶ ತಿನ್ನು."

"ಆ ಟೇಶನ್ ಗಡಿಯಾರ ನೋಡ್ರಿ, ಬ್ಯಾರೇನ ತೋರಸ್ಲಿಕ್ಕತ್ತದ."

"ಸ್ಟೇಷನ್ ಗಡಿಯಾರ ನಂಬಬಾರ್ದು ಗಿರಿಜಾ. ನಂದು ಈಗ ಹೊಸದಾಗಿ ಸರಿ ಮಾಡಿದ್ದು."

ಅವಳ ಕೈಯಲ್ಲಿದ್ದ ಪೂರಿ ಅಲ್ಲೇ ನಿಂತಿತು. "ನೀವು ಯಾವಾಗ ಸರಿ ಮಾಡಿದ್ರಿ?"

"ಬಸ್ಸಿನ್ಯಾಗ."

"ನಾ ಮುಂಜಾನೇನ ಮಾಡಿದ್ದೆನಲ್ರೀ! ಗಡಿಯೊಳಗ ನೀವು ಸ್ನಾನಕ್ಕ ಹೋದಾಗ! ನಿಮಗ ಮರವು ಭಾಳ ಅಂತ ನಾನೇ ಹಿಂದ ತಿರುವಿ ಇಟ್ಟಿದ್ದೆ!"

ಒಂದು ಮನೆಯಲ್ಲಿ ಇಬ್ಬರು ತಿಳಿವಳಿಕೆಯುಳ್ಳವರು ಇದ್ದರೆ ಆಗುವ ತೊಂದರೆ ಇದು. ಹಿಮಾಲಯ ಹತ್ತಿದ ಕಾಲುಗಳಿಂದ ಓಡಿದೆವು. ಬಹಳ ಚೆನ್ನಾಗಿ ಓಡಿದೆವು. ಪ್ಲಾಟ್‌ಫಾರ್ಮಿನ ಮೇಲೆ ನಮ್ಮ ರೈಲಿನ ಕೊನೆಯ ಡಬ್ಬಿಯ ಹಿಂದೆ ಬರೆದಿದ್ದ ಗುಣಿಸು ಚಿಹ್ನೆ ದೂರದಲ್ಲಿ ಸಣ್ಣದಾಗುತ್ತಾ ಹೋಯಿತು. ನನ್ನ ಉತ್ತರ ಪತ್ರಿಕೆಯ ಮೇಲೆ ಯಾರೋ ಹಾಕಿದಂತಿತ್ತು!

ಮತ್ತೆ ಊರಿಗೆ ಫೋನ್. ಗುರುವಾರ ಅಲ್ಲ, ಶುಕ್ರವಾರ. ಫ್ಲೆಕ್ಸಿನ ತಾರೀಖಿನ ಮೇಲೆ ಎರಡನೇ ಸಲ ಕಾಗದ ಅಂಟಿಸಿದರು ಎಂದು ತಿಳಿಯಿತು. ಅಂಬಕ್ಕ ಈ ಸಲ ಫೋನಿಗೇ ಬರಲಿಲ್ಲವಂತೆ. ಆ ಹೊತ್ತು ನಾನೂ ಚಹಾ ಕುಡಿಯಲಿಲ್ಲ.

ಮರುದಿನದ ರೈಲು ಹತ್ತಿ, ನಡುವೆ ಝಾನ್ಸಿಯಲ್ಲಿ ಗಾಡಿ ಬದಲಿಸಿ, ಶುಕ್ರವಾರ ಮುಂಜಾನೆ ಮಿರಜ್ ಮುಟ್ಟಿದೆವು. ಇನ್ನು ನಾಲ್ಕೈದು ತಾಸಿಗೆ ಹುಬ್ಬಳ್ಳಿ. ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಮಾತು ಕೇಳಿತು. ಜೀವ ಹಗುರಾಯಿತು. ಚಪ್ಪಲಿ ಕೂಡ ಹಾಕಿಕೊಳ್ಳದೆ, ಪರ್ಸೂ ತೆಗೆದುಕೊಳ್ಳದೆ, ಕಿಸೆಯಲ್ಲಿದ್ದ ಚಿಲ್ಲರೆಯಲ್ಲಿ ಬಿಸಿ ಬಟಾಟಿ ವಡೆ ತರೋಣ ಎಂದು ಇಳಿದೆ.

"ದೂರ ಹೋಗಬ್ಯಾಡ್ರಿ!" ಎಂದಳು ಗಿರಿಜಾ.

"ಮುಕ್ತಿನಾಥಕ್ಕ ಹೋಗಿ ಬಂದವಗ ವಡಾದ ಗಾಡಿ ದೂರ ಏನ?" ಎಂದೆ.

ವಡೆ ಕೈಗೆ ಬರುವಷ್ಟರಲ್ಲಿ ಸೀಟಿ ಕೇಳಿತು. ತಿರುಗಿ ನೋಡಿದರೆ ಗಾಡಿ ಅಲುಗಾಡುತ್ತಿದೆ! ಒಂದೇ ಜಿಗಿತಕ್ಕೆ ಹತ್ತಿದೆ. ನನ್ನ ವಯಸ್ಸಿನವರು ಹಾಗೆ ಹತ್ತುವುದಿಲ್ಲ. ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುವಾಗ, ಪ್ಲಾಟ್‌ಫಾರ್ಮಿನ ಆಚೆ ಬದಿ ನಿಂತಿದ್ದ ಇನ್ನೊಂದು ಗಾಡಿಯ ಕಿಟಕಿಯಿಂದ ಯಾವಳೋ ಹೆಂಗಸು "ರೀ! ರೀ! ಅಲ್ರೀ!" ಎಂದು ಒದರುತ್ತಿದ್ದಳು. ನಮ್ಮ ಕಡೆ ಅರ್ಧಕ್ಕರ್ಧ ಗಂಡಸರ ಹೆಸರು ಅದೇ. ಯಾರನ್ನೋ ಕರೆಯುತ್ತಿದ್ದಾಳೆ, ಪಾಪ, ಎಂದುಕೊಂಡೆ. ಕನ್ನಡದ ಹೆಣ್ಣುಮಗಳು ಎಂಬ ಅಭಿಮಾನದಿಂದ, ಯಾತ್ರೆಯಿಂದ ಬರುತ್ತಿರುವವನು ಮಾಡುವಂತೆ, ಕೈ ಎತ್ತಿ ಆಶೀರ್ವಾದವನ್ನೂ ಮಾಡಿದೆ.

ಒಳಗೆ ಹೋದೆ. ನಮ್ಮ ಸೀಟು ಇಪ್ಪತ್ತಮೂರು. ಅದರಲ್ಲಿ ಒಂದು ಮರಾಠಿ ಕುಟುಂಬ ಬುತ್ತಿ ಬಿಚ್ಚಿಕೊಂಡು ಕುಳಿತಿತ್ತು! ಐದು ನಿಮಿಷ ಹೊರಗೆ ಹೋದರೆ ಜನ ಹೀಗೆ ಮಾಡುವುದೆ? ನಾನು ಧಾರವಾಡದ ಮರಾಠಿಯಲ್ಲಿ ಬಲವಾದ ಜಗಳ ತೆಗೆದೆ. ಇದು ನನ್ನ ಸೀಟು, ಝಾನ್ಸಿಯಿಂದ ಇದೇ ಸೀಟಿನಲ್ಲಿ ಬಂದಿದ್ದೇನೆ, ನನ್ನ ಹೆಂಡತಿ ಕೈ ತೊಳೆಯಲು ಹೋಗಿದ್ದಾಳೆ, ಬಂದರೆ ನಿಮ್ಮ ಗತಿ ಏನು ಎಂದೆಲ್ಲ ಹೇಳಿದೆ. ಆ ಮನೆಯ ಹಿರಿಯ ಹೆಂಗಸು ನನ್ನ ಬರಿಗಾಲು, ಮೂರು ವಾರದ ಗಡ್ಡ, ಕೊರಳಲ್ಲಿನ ಗಿಂಡಿ ಎಲ್ಲವನ್ನೂ ನೋಡಿ, ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ನ್ಯಾಯ ಗೆದ್ದಿತು. ಗೆದ್ದ ಸಮಾಧಾನದಲ್ಲಿ ವಡೆ ತಿಂದೆ. ಗಿರಿಜಾಳ ವಡೆಯನ್ನು ಕಾಗದದಲ್ಲಿ ಜೋಪಾನವಾಗಿ ಸುತ್ತಿಟ್ಟೆ. ನಿದ್ದೆ ಹತ್ತಿತು.

ಎಚ್ಚರವಾದಾಗ ಹೊರಗೆ ಕಬ್ಬೇ ಕಬ್ಬು. ಬೆಳಗಾವಿಯ ಕಡೆಯ ಗುಡ್ಡಗಳು ಎಲ್ಲಿ ಹೋದವು ಎಂದು ಭೂಗೋಳದ ಮಾಸ್ತರನಿಗೆ ಸಣ್ಣ ಸಂಶಯ ಬಂದಿತು. ಸೂರ್ಯ ನೋಡಿದೆ. ಸೂರ್ಯನೂ ತಪ್ಪು ಕಡೆ ಇದ್ದ! ಆಗಲೂ ಮೊದಲು ಸಂಶಯ ಬಂದದ್ದು ಸೂರ್ಯನ ಮೇಲೆಯೇ.

"ಬಾಯೀ, ಹುಬ್ಬಳ್ಳಿ ಯಾವಾಗ ಬರುತ್ತದೆ?" ಎಂದು ಆ ಹಿರಿಯ ಹೆಂಗಸನ್ನು ಕೇಳಿದೆ.

ಅವಳು ಕೈ ಮುಗಿದು ಹೇಳಿದಳು: "ಮಹಾರಾಜ, ಇದು ಪಂಢರಪುರದ ಗಾಡಿ."

ನಾನು ಮಹಾರಾಜನಲ್ಲ, ತಪ್ಪು ಗಾಡಿ ಹತ್ತಿದ ನಿವೃತ್ತ ಮಾಸ್ತರ ಎಂದು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ವಿಠ್ಠಲನ ಹತ್ತಿರ ಬರುವವರೆಲ್ಲ ಒಂದಲ್ಲ ಒಂದು ತಪ್ಪು ಗಾಡಿ ಹತ್ತಿಯೇ ಬರುವುದು ಎಂದಳು! ನನ್ನ ಸುಳ್ಳನ್ನು ಜನ ನಂಬದಿದ್ದ ಪ್ರಸಂಗ ಉಂಟು. ಸತ್ಯವನ್ನು ಹೀಗೆ ಯಾರೂ ತಳ್ಳಿಹಾಕಿರಲಿಲ್ಲ. ಟಿಕೆಟ್ ತಪಾಸಣೆಯವರು ಬಂದಾಗಲೂ ಆಕೆಯೇ ನನ್ನ ಪರವಾಗಿ ವಾದ ಮಾಡಿದಳು. ಅವರೂ ಕೈ ಮುಗಿದು ಮುಂದೆ ಹೋದರು.

ಹೀಗೆ ಚಪ್ಪಲಿ ಇಲ್ಲದೆ, ಪರ್ಸ್ ಇಲ್ಲದೆ, ಹೆಂಡತಿ ಇಲ್ಲದೆ, ಒಂದು ಗಿಂಡಿ ಮತ್ತು ಒಂದು ತಣ್ಣಗಾದ ವಡೆಯೊಂದಿಗೆ ನಾನು ಪಂಢರಪುರ ಕ್ಷೇತ್ರ ಪ್ರವೇಶ ಮಾಡಿದೆ.

ಗಿರಿಜಾ ಎಷ್ಟು ಗಾಬರಿಯಾಗಿರಬಹುದು ಎಂದು ನೆನೆದು ಸಿಕ್ಕವರನ್ನೆಲ್ಲ ಫೋನ್ ಕೇಳಿದೆ. ಯಾರೋ ಪುಣ್ಯಾತ್ಮರು ಫೋನ್ ಕೊಟ್ಟರು. ಕೈಯಲ್ಲಿ ಹಿಡಿದುಕೊಂಡು ನಿಂತೆ. ಎವರೆಸ್ಟಿನ ಎತ್ತರ ನೆನಪಿತ್ತು. ಕೃಷ್ಣಾ ನದಿಯ ಉದ್ದ ನೆನಪಿತ್ತು. ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯ ಫೋನ್ ನಂಬರಿನಲ್ಲಿ ಮೊದಲನೆಯ ಒಂಬತ್ತು ಮಾತ್ರ ನೆನಪಿತ್ತು!

ಗುಡಿಯ ಹತ್ತಿರ ಮೆಟ್ಟಿಲ ಮೇಲೆ ಕುಳಿತು, "ಎಂಥಾ ಹುಚ್ಚು ಮನಷಾ ಇದ್ದೀನಪಾ ನಾನು" ಎಂದು ಗಟ್ಟಿಯಾಗಿ ನನಗೆ ನಾನೇ ಬೈದುಕೊಂಡೆ. ಆ ಬೈಗುಳವೇ ನನ್ನನ್ನು ಕಾಪಾಡಿತು. ಮುಂದೆ ಹೋಗುತ್ತಿದ್ದ ಒಬ್ಬ ದಪ್ಪ ಮೀಸೆಯ ಮನುಷ್ಯ ಗಕ್ಕನೆ ನಿಂತ.

"ಯಾವೂರ್ರಿ ಯಜಮಾನ್ರ? ನಮ್ಮ ಕಡೆದ ಮಾತ ಐತೆಲ್ಲ!"

ಅವನ ಹೆಸರು ಪಾಂಡಪ್ಪ. ಕುಂದಗೋಳದವನು. ಮನೆಮಂದಿಯನ್ನೆಲ್ಲ ಕ್ರೂಸರ್ ಗಾಡಿಯಲ್ಲಿ ಹಾಕಿಕೊಂಡು ದರ್ಶನಕ್ಕೆ ಬಂದಿದ್ದ. ನನ್ನ ಕತೆಯನ್ನು ಪೂರ್ತಿ ಕೇಳಿದ. ಗಡಿಯಾರದ ಪ್ರಸಂಗ ಬಂದಾಗ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ವಿನಯದ ಹೆಣ್ಣುಮಗಳು.

"ಚಿಂತಿ ಬ್ಯಾಡ್ರಿ ಸರ್," ಎಂದ ಪಾಂಡಪ್ಪ. "ಶಲವಡ್ಯಾಗ ನಮ್ಮ ಬೀಗರು ಅದಾರ. ಈಗ ಫೋನ್ ಹಚ್ಚಿ ನಿಮ್ಮ ಮನಿಗೆ ಕಳಸ್ತೇನಿ. ರವಿವಾರ ನಾವು ಹೊಳ್ಳಿ ಹೊಂಟೇವಿ. ನವಲಗುಂದದ ಮ್ಯಾಲೆನ ಹೋಗೂದು. ನಮ್ಮ ಗಾಡ್ಯಾಗ ಬರ್ರಿ."

ಬೀಗರು ನಮ್ಮ ಮನೆಗೆ ಹೋಗಿ ಬರುವವರೆಗೆ ನಾನು ಗುಡಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದೆ. ಗಿರಿಜಾ ಅಳುತ್ತಿರಬಹುದು, ಪೊಲೀಸರಿಗೆ ತಿಳಿಸಿರಬಹುದು, ಊರಿನ ಸತ್ಕಾರ ರದ್ದಾಗಿರಬಹುದು. ಸಂಜೆ ಫೋನ್ ಬಂದಿತು.

"ಏನಂದ್ರು?" ಎಂದು ಜಿಗಿದೆದ್ದೆ.

ಪಾಂಡಪ್ಪ ಸ್ವಲ್ಪ ಹಿಂದೆ ಮುಂದೆ ನೋಡಿ ಹೇಳಿದ. "'ಸಾವಕಾಶ ಬರ್ಲಿ' ಅಂದ್ರಂತರಿ ನಿಮ್ಮ ಮನಿಯವರು."

"ಅಷ್ಟೇ?"

"'ಬಿಸಲಾಗ ಅಡ್ಡಾಡಬ್ಯಾಡಂತ ಹೇಳ್ರಿ' ಅಂತನೂ ಅಂದ್ರಂತ."

"ತೀರ್ಥದ ಗಿಂಡಿ ನನ್ನ ಹತ್ರ ಸುರಕ್ಷಿತ ಅದ, ಅಕ್ಕಗ ಎರಡ ದಿನ ತಡಕೊಳ್ಳಿಕ್ಕೆ ಹೇಳ್ರಿ ಅಂತ ತಿಳಸ್ರಿ," ಎಂದೆ.

ಅದನ್ನೂ ತಿಳಿಸಿದರು. ಉತ್ತರ ಬಂದಿತು. "ಹೂಂ" ಎಂದರಂತೆ.

ಎರಡು ದಿನ ಪಂಢರಪುರದಲ್ಲಿ ಪಾಂಡಪ್ಪನ ಮನೆಯವರ ಜೊತೆ ಭಾಕರಿ, ಝುಣಕಾ ತಿಂದು, ವಿಠ್ಠಲನ ದರ್ಶನ ಮಾಡಿದೆ. ಕ್ರೂಸರಿನಲ್ಲಿ ಬರುವಾಗ ಪೂರ್ತಿ ಹಾದಿ ಹಿಮಾಲಯದ ಕತೆ ಹೇಳಿದೆ. ಪಾಂಡಪ್ಪನ ಮುದಿ ತಾಯಿ, "ನಮ್ಮ ಜಿಲ್ಲಾದಾವ ಒಬ್ಬಾವ ಅಷ್ಟ ದೂರ ನಡದ ಬಂದಾನಲ್ಲಪಾ, ಛಲೋ ಆತು," ಎಂದು ನನ್ನ ಬೆನ್ನು ಸವರಿದಳು. ಆ ಒಂದು ಮಾತಿಗೆ ನನ್ನ ಬೆನ್ನು ಮತ್ತೆ ನೆಟ್ಟಗಾಯಿತು. ಇಷ್ಟು ನೆಟ್ಟಗಾಗಬಾರದಿತ್ತು. ನವಲಗುಂದದಲ್ಲಿ ಇಳಿದಾಗ ಪಾಂಡಪ್ಪ, "ಶಲವಡಿ ಬಸ್ ಬರ್ತೈತ್ರಿ, ಕುಂದರಸಿ ಹೋಗ್ತೇನಿ" ಎಂದರೆ, ನಾನು ಅವನ ಭುಜ ತಟ್ಟಿದೆ.

"ಮುಕ್ತಿನಾಥಕ್ಕ ನಡದಾವ ಶಲವಡಿಗೆ ಬಸ್ಸಿನ್ಯಾಗ ಹೋದ್ರ ಜನ ಏನಂದಾರು? ನಡಕೋತ ಹೋಗ್ತೇನಿ. ಊರು ನೋಡ್ಲಿ!"

ಪಾಂಡಪ್ಪ ತನ್ನ ಚಪ್ಪಲಿ ಬಿಚ್ಚಿ ಕೊಡಲು ಬಂದ. ಬೇಡ ಎಂದೆ. ಅವನ ಮೆತ್ತನೆಯ ಅಂಗಾಲು ನೋಡಿದರೇ ಗೊತ್ತಾಗುತ್ತಿತ್ತು, ಅವನಿಗೇ ಅದರ ಅಗತ್ಯ ಹೆಚ್ಚು.

ಹಿಂದಿನ ದಿನ ಮಳೆಯಾಗಿತ್ತು. ರಸ್ತೆ ಹಿಡಿದು ಹೋಗಿದ್ದರೆ ಎಲ್ಲ ಸುರಳೀತ ಆಗುತ್ತಿತ್ತು. ಆದರೆ ನನಗೆ ಹೊಲದೊಳಗಿಂದ ಅಡ್ಡದಾರಿ ಗೊತ್ತಿತ್ತು. ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ಗುಣಲಕ್ಷಣಗಳ ಮೇಲೆ ನಾನು ಐದು ಅಂಕದ ಪ್ರಶ್ನೆ ತೆಗೆಯುತ್ತಿದ್ದೆ. "ಮಳೆ ಬಂದಾಗ ಅಂಟು ಹೆಚ್ಚು" ಎನ್ನುವುದು ಮೊದಲನೆಯ ಲಕ್ಷಣ. ಹೆಜ್ಜೆಗೊಂದು ಸೇರು ಮಣ್ಣು ಹತ್ತಿತು. ನೂರು ಹೆಜ್ಜೆಗೆ ನನ್ನ ಒಂದೊಂದು ಪಾದ ಒಂದೊಂದು ಕೊಳಗ ಆಯಿತು. ಕಡಲೆ ಹೊಲದ ಬದುವಿನ ಮೇಲೆ, ಮುಕ್ತಿನಾಥದ ಹಿಮದಲ್ಲಿ ಒಮ್ಮೆಯೂ ಜಾರದ ನಾನು, ಗಿಂಡಿಯನ್ನು ಮೇಲೆ ಎತ್ತಿ ಹಿಡಿದು, ಉಳಿದ ದೇಹವನ್ನೆಲ್ಲ ಸ್ವಂತ ತಾಲೂಕಿಗೆ ಅರ್ಪಿಸಿದೆ!

ಗಿಂಡಿಗೆ ಏನೂ ಆಗಲಿಲ್ಲ. ಇದನ್ನು ದಯವಿಟ್ಟು ಗಮನಿಸಬೇಕು.

ಊರ ಬಾಯಿಗೆ ಬಂದಾಗ ಇಳಿಹೊತ್ತು. ಹನುಮಪ್ಪನ ಗುಡಿಯ ಮುಂದೆ ಫ್ಲೆಕ್ಸ್ ಇನ್ನೂ ಇತ್ತು. ಅದರಲ್ಲಿ ಗಿರಿಜಾ ಕೈಮುಗಿದು ನಗುತ್ತಿದ್ದಳು. ಪಕ್ಕದಲ್ಲಿ ನನ್ನ ಫೋಟೋ. ನನ್ನ ಫೋಟೋದ ಎದೆಯ ಮೇಲೆ ಒಂದು ಕಾಗದ ಅಂಟಿಸಿದ್ದರು. "ಬರುತ್ತಿದ್ದಾರೆ."

ಗುಡಿಯ ಕಟ್ಟೆಯ ಮೇಲೆ ಇದ್ದವರು ಇಬ್ಬರೇ ಮುದುಕರು. ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರ್ರ, ಎಲ್ಲೆ ಹೋಗಿದ್ರಿ? ನಿಮ್ಮ ಮನಿಯವರು ಮುಕ್ತಿನಾಥಕ್ಕ ಹೋಗಿ ಬಂದ್ರಲ್ರಿ, ಮೊನ್ನೆ ಸತ್ಕಾರ ಆತು. ನೀವು ಇರಬೇಕಾಗಿತ್ತು," ಎಂದರು.

ಮನೆಯ ಕಡೆ ನಡೆದೆ. ಹೊಸ್ತಿಲಲ್ಲಿ ನಿಂತು, ಕೆಸರು ತೊಟ್ಟಿಕ್ಕುತ್ತಿದ್ದ ಕೈಯಿಂದ ಕೊರಳಿನ ದಾರ ತೆಗೆದೆ.

"ಅಕ್ಕಾ! ತೀರ್ಥ ತಂದೇನಿ! ಇನ್ನ ಚಾ ಕುಡಿ!"

ಅಂಬಕ್ಕ ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದಳು. ಅವಳ ಕೈಯಲ್ಲಿ ಚಹಾದ ಕಪ್ಪು-ಬಸಿ ಇತ್ತು. ಬಸಿಯಿಂದ ಹಬೆ ಏಳುತ್ತಿತ್ತು. ಸುರ್ರ್ ಎಂದು ಒಂದು ಗುಟುಕು ಎಳೆದು, ಕಣ್ಣು ತೆರೆದು ನೋಡಿದಳು.

"ಕುಡೀಲಿಕ್ಕತ್ತೇನಲ್ಲೋ. ಗಿರಿಜಾ ಶುಕ್ರವಾರನ ತೀರ್ಥ ತಂದ ಕೊಟ್ಟಳು."

ನಾನು ಗಿರಿಜಾಳ ಮುಖ ನೋಡಿದೆ. ಅವಳು ಸೆರಗಿನ ತುದಿಯನ್ನು ನೋಡಿದಳು.

"ಇನ್ನೊಂದು ಬಾಟ್ಲಿ ತುಂಬಿಸಿ ಇಟ್ಟಿದ್ದೆರೀ," ಎಂದಳು ಮೆಲ್ಲಗೆ. "ಚೀಲದಾಗ. ಚುರುಮುರಿ ಬಾಜೂಕ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀವು ಅಷ್ಟ ಅಭಿಮಾನದಿಂದ ಕೊರಳಾಗ ಹಾಕ್ಕೊಂಡಿದ್ರಿ. ಹೆಂಗ ಹೇಳ್ಲಿ?"

ಮಿರಜಿನಲ್ಲಿ ಕಿಟಕಿಯಿಂದ ಒದರಿದವಳೂ ಇವಳೇ ಎಂದು ಆಮೇಲೆ ತಿಳಿಯಿತು. ಇನ್ನು ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲೆ, ಆ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಪ್ಲಾಟ್‌ಫಾರ್ಮಿನವರನ್ನು ವಿಚಾರಿಸಿದಳಂತೆ. ಪಂಢರಪುರ ಎಂದು ತಿಳಿದು ಸಮಾಧಾನವಾಯಿತಂತೆ. "ದೇವರ ಊರು. ಊಟಕ್ಕೇನ ಕಡಿಮಿ ಇಲ್ಲ. ಕಾಲು ಗಟ್ಟಿ ಅವ, ನಡಕೋತರೆ ಬರ್ತಾರ ಅಂದ್ಕೊಂಡೆ," ಎಂದಳು. "ಆದ್ರ ನೀವು ನನಗ ಆಶೀರ್ವಾದ ಮಾಡಿದ್ರಲ್ಲ, ಅದೊಂದು ತಿಳೀಲಿಲ್ಲ."

ನಾನು ಹೊಸ್ತಿಲಲ್ಲೇ ಕುಳಿತೆ. ಹತ್ತು ದಿನ ಗಾಳಿ, ಗಂಡಕಿ, ಕೆಸರು ಎಲ್ಲದರಿಂದ ಕಾಪಾಡಿ ತಂದ ಗಿಂಡಿ ಕೈಯಲ್ಲಿತ್ತು. ಅಂಬಕ್ಕ ಕಪ್ಪು-ಬಸಿ ಕೆಳಗಿಟ್ಟಳು. ವಾಕರ್ ಹಿಡಿದು ಎದ್ದು, ಒಂದೊಂದೇ ಹೆಜ್ಜೆ ಇಡುತ್ತಾ ನನ್ನ ಹತ್ತಿರ ಬಂದಳು. ಗಿರಿಜಾ ಕುರ್ಚಿ ತಂದು ಹಾಕಿದಳು.

"ಕಾಲ ತೋರಸು," ಎಂದಳು ಅಕ್ಕ.

"ಕೆಸರ ಅದನಕ್ಕಾ."

"ನಿನ್ನ ಕಾಲಿನ ಕೆಸರು ನನಗ ಹೊಸಾದೇನಲೇ? ತೋರಸು."

ಗಿರಿಜಾ ತಂಬಿಗೆಯಿಂದ ನೀರು ಹಾಕಿದಳು. ಎರೆ ಮಣ್ಣು ಇಳಿದು ಹೋಯಿತು. ಕೆಳಗೆ ಗಟ್ಟಿಯಾದ, ಸೀಳು ಬಿಟ್ಟ, ಕಲ್ಲಿನಂಥ ಹಿಮ್ಮಡಿಗಳು ಕಾಣಿಸಿದವು. ಅಂಬಕ್ಕ ಬಗ್ಗಿ, ಬೆರಳಿನಿಂದ ಅವನ್ನು ಮುಟ್ಟಿದಳು. ಆಮೇಲೆ ಗಿರಿಜಾಳ ಪಾದವನ್ನೂ ಹತ್ತಿರ ಎಳೆದು ಮುಟ್ಟಿದಳು. ಬಹಳ ಹೊತ್ತು ಮುಟ್ಟುತ್ತಲೇ ಇದ್ದಳು.

"ಇವು ನನ್ನ ಕಾಲು," ಎಂದಳು. "ನಾಕೂ ನನ್ನವ. ನಾ ಮುಕ್ತಿನಾಥಕ್ಕ ಹೋಗಿ ಬಂದೆ."

ಗಿಂಡಿಯ ಮೇಣ ಕಿತ್ತು, ಬಿರಡೆ ತೆಗೆದು, ಅವಳ ಅಂಗೈಗೆ ತೀರ್ಥ ಹಾಕಿದೆ. ಎರಡನೇ ಸಲ ಅವಳು ಅದೇ ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡು ಕುಡಿದಳು. "ಎರಡೂ ಒಂದ ಥರಾ ರುಚಿ ಅವ," ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ಸತ್ಕಾರದಾಗ ಗಿರಿಜಾ ಮೈಕ್ ಹಿಡದು ಏನಂದಳು ಗೊತ್ತದೇನು? 'ಹದಿನಾಕು ದಿನಾನೂ ಏರ ಬಂದಾಗೆಲ್ಲ ನಮ್ಮ ಮನಿಯವರು ಮುಂದ ನಡದರು. ಮ್ಯಾಲೆ ನಿಂತು ನನಗ ಬಾ ಬಾ ಅಂತ ಕೈ ಮಾಡ್ತಿದ್ರು. ಆ ಕೈ ನೋಡಿ ನಾ ಹತ್ತಿದೆ' ಅಂದಳು. ಊರು ಚಪ್ಪಾಳಿ ಹೊಡೀತು."

ಗಿರಿಜಾ ಆಗಲೇ ಒಲೆಯ ಮುಂದೆ ಹೋಗಿ ನನಗೆ ಚಹಾ ಇಡುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ನನ್ನ ಮೂವತ್ತೊಂದು ವರ್ಷದ ಮಾಸ್ತರಿಕೆಯಲ್ಲಿ ಎಷ್ಟೋ ಹಾರ ಶಾಲು ಬಂದಿವೆ. ಆ ಸಂಜೆಯಷ್ಟು ದೊಡ್ಡ ಸತ್ಕಾರ ನನಗೆ ಆಗಿಲ್ಲ. ಎದೆ ಎಷ್ಟು ಉಬ್ಬಿತೆಂದರೆ ಒಣಗುತ್ತಿದ್ದ ಎರೆ ಮಣ್ಣು ಅಂಗಿಯ ಮೇಲೆ ಬಿರುಕು ಬಿಟ್ಟಿತು!

ಇವತ್ತಿಗೂ ಆ ಎದೆ ಇಳಿದಿಲ್ಲ. ಮೊನ್ನೆ ಸೋಮವಾರ, ಅಣ್ಣಿಗೇರಿಯಲ್ಲಿ ಸ್ವಲ್ಪ ಕೆಲಸವಿತ್ತು ಎಂದು, ಅದೇ ಹೆಮ್ಮೆಯಲ್ಲಿ, ಹೊಸ ಚಪ್ಪಲಿ ಮೆಟ್ಟಿ, ಹೆಗಲಿಗೆ ಶಾಲು ಹಾಕಿಕೊಂಡು ಬಸ್ಸು ಹತ್ತಿ ಮೊದಲ ಸೀಟಿನಲ್ಲಿ ಕುಳಿತೆ. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ನೋಡಿದವನೇ ಕೈ ಮುಗಿದ.

"ನಮಸ್ಕಾರ್ರಿ ಸರ್! ಎಲ್ಲಿಗೆ ಹೊಂಟೀರಿ?"

"ಅಣ್ಣಿಗೇರಿಗೆ," ಎಂದೆ, ಇಡೀ ಬಸ್ಸಿಗೆ ಕೇಳುವಂತೆ.

ಅವನು ಬಗ್ಗಿ, ಬಹಳ ಗೌರವದಿಂದ, ಆದರೆ ಇಡೀ ಬಸ್ಸಿಗೆ ಕೇಳುವಂತೆಯೇ ಹೇಳಿದ: "ಸರ್, ಇದು ನವಲಗುಂದ ಗಾಡಿ ಐತ್ರಿ."

ನಾನು ನಿಧಾನವಾಗಿ ಎದ್ದೆ. ಶಾಲು ಸರಿಮಾಡಿಕೊಂಡೆ.

"ಗೊತ್ತದೋ," ಎಂದೆ. "ನಿನ್ನ ಮಾತಾಡಿಸಿ ಹೋಗೂಣು ಅಂತ ಹತ್ತಿದ್ದೆ."

ಇಡೀ ಬಸ್ಸು ನಂಬಿತು. ನಗುತ್ತಾ ನಂಬಿತು.